ಡಿಗ್ರಿ ಮುಗಿಯಿತು, ಕೆಲಸ ಎಲ್ಲಿ? ವಿಜಯಪುರ ಸೀಮೆಯ ಹುಡುಗ ಹುಡುಗಿಯರು ಪದೇ ಪದೇ ಕೇಳುವ ಪ್ರಶ್ನೆಗಳು

ವಿಜಯಪುರದ ನಮ್ಮ ಓಣಿಯಲ್ಲಿ ಒಂದು ಸಣ್ಣ ವಾಚನಾಲಯ ಇದೆ. ಭಾನುವಾರ ಬೆಳಿಗ್ಗೆ ನಾನು ಅಲ್ಲಿ ಕೂತು ಹುಡುಗರಿಗೆ ಅರ್ಜಿ ತುಂಬಲು ನೆರವಾಗುತ್ತೇನೆ. ಇಂಡಿ, ಸಿಂದಗಿ, ಮುದ್ದೇಬಿಹಾಳದಿಂದ ಬಂದು ಇಲ್ಲಿ ರೂಮ್ ಮಾಡಿಕೊಂಡು ಓದುವವರೇ ಜಾಸ್ತಿ. ಬಾಗಲಕೋಟೆ, ಅಥಣಿ ಕಡೆಯವರೂ ಬರುತ್ತಾರೆ. ಮುಖ ಬೇರೆ ಬೇರೆ, ಪ್ರಶ್ನೆ ಅವೇ. "ಅಣ್ಣಾ, ಯುವನಿಧಿ ರೊಕ್ಕ ಬಂದಿಲ್ರೀ." "ಅಣ್ಣಾ, ನೋಟಿಫಿಕೇಶನ್ ಯಾವಾಗ ಬಿಡ್ತಾರ?" ನಾನೂ ಡಿಗ್ರಿ ಮುಗಿಸಿ ನಾಲ್ಕು ವರ್ಷ ಹೀಗೇ ಕಾದವನು. ಆಗ ಯಾರಾದರೂ ಕೂರಿಸಿಕೊಂಡು ಇಷ್ಟು ಹೇಳಿದ್ದರೆ ಎರಡು ವರ್ಷವಾದರೂ ಉಳಿಯುತ್ತಿತ್ತು. ಅದಕ್ಕೇ ಬರೆದಿಡುತ್ತಿದ್ದೇನೆ.

ಯುವನಿಧಿ ಯಾರಿಗೆ ಸಿಗುತ್ತದೆ? ಎಷ್ಟು, ಎಲ್ಲಿಯವರೆಗೆ?

ಕರ್ನಾಟಕ ಸರ್ಕಾರದ ಐದು ಗ್ಯಾರಂಟಿಗಳಲ್ಲಿ ಕೊನೆಗೆ ಬಂದದ್ದು ಯುವನಿಧಿ. 2023ರ ಡಿಸೆಂಬರ್ 26ರಂದು ನೋಂದಣಿ ಶುರುವಾಯಿತು. 2024ರ ಜನವರಿ 12ರಂದು, ವಿವೇಕಾನಂದ ಜಯಂತಿಯ ದಿನ, ಶಿವಮೊಗ್ಗದಲ್ಲಿ ಮೊದಲ ಕಂತು ಹಾಕಿದರು. ಡಿಗ್ರಿ ಪಾಸಾದವರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500 ರೂಪಾಯಿ.

2022-23ನೇ ಸಾಲಿನಲ್ಲಿ ಅಥವಾ ಅದರ ಆಮೇಲೆ ಪಾಸಾಗಿರಬೇಕು. ಪಾಸಾಗಿ 180 ದಿನ ಕಳೆದರೂ ಕೆಲಸ ಸಿಕ್ಕಿರಬಾರದು. ಮುಂದಿನ ಓದಿಗೆ ಸೇರಿರಬಾರದು. ಕರ್ನಾಟಕದಲ್ಲಿ ಕನಿಷ್ಠ 6 ವರ್ಷ ಓದಿರಬೇಕು. ಈ ಕೊನೆಯದು ಅಥಣಿ, ಚಿಕ್ಕೋಡಿ, ನಿಪ್ಪಾಣಿ ಕಡೆಯವರಿಗೆ ಮುಖ್ಯ. ಅಲ್ಲಿ ಎಷ್ಟೋ ಮಕ್ಕಳು ಒಂದಿಷ್ಟು ವರ್ಷ ಮಿರಜ್, ಸಾಂಗ್ಲಿ, ಕೊಲ್ಲಾಪುರದ ಕಡೆ ಓದಿರುತ್ತಾರೆ. ಅವರು ಇಲ್ಲಿ ಓದಿದ ವರ್ಷಗಳ ಕಾಗದ ಮೊದಲೇ ಕೂಡಿಸಿಟ್ಟುಕೊಳ್ಳಬೇಕು.

ಹೆಚ್ಚೆಂದರೆ 2 ವರ್ಷ ಕೊಡುತ್ತಾರೆ. ನಡುವೆ ಕೆಲಸ ಸಿಕ್ಕರೆ ಅಲ್ಲಿಗೇ ನಿಲ್ಲುತ್ತದೆ. ಪಿಯುಸಿಗೆ ನಿಲ್ಲಿಸಿದವರಿಗೆ, ಐಟಿಐ ಮಾಡಿದವರಿಗೆ ಇದು ಇಲ್ಲ. ನನಗೆ ಇದು ಸರಿ ಅನಿಸುವುದಿಲ್ಲ, ಕೆಲಸ ಇಲ್ಲದ ಕಷ್ಟ ಅವರಿಗೂ ಇದೆ. ಆದರೆ ನಿಯಮ ಹೀಗಿದೆ.

ಅರ್ಜಿ ಹಾಕಿ ಎಷ್ಟೋ ತಿಂಗಳಾಯಿತು. ರೊಕ್ಕ ಯಾಕೆ ಬಂದಿಲ್ಲ?

ನಾನು ನೋಡಿದ ಅರ್ಜಿಗಳಲ್ಲಿ ಮೂರು ಕಡೆ ಗಂಟು ಬಿದ್ದಿರುತ್ತದೆ.

ಒಂದು, ನಿಮ್ಮ ಡಿಗ್ರಿ ಅಥವಾ ಡಿಪ್ಲೊಮಾದ ದಾಖಲೆ ರಾಷ್ಟ್ರೀಯ ಶೈಕ್ಷಣಿಕ ಠೇವಣಿಗೆ ಏರಿರುವುದಿಲ್ಲ. ಕಾಲೇಜಿನವರು ಇದನ್ನು ನ್ಯಾಡ್ ಅನ್ನುತ್ತಾರೆ. ಇದನ್ನು ಏರಿಸುವುದು ವಿಶ್ವವಿದ್ಯಾಲಯದ ಕೆಲಸ, ನಿಮ್ಮದಲ್ಲ. ಡಿಜಿಲಾಕರ್‌ನಲ್ಲಿ ನಿಮ್ಮ ಅಂಕಪಟ್ಟಿ ಕಾಣುತ್ತಿದೆಯಾ ಅಂತ ನೋಡಿ. ಕಾಣದಿದ್ದರೆ ಕಾಲೇಜಿನ ಆಫೀಸಿಗೆ ಹೋಗಿ ಬರಹದಲ್ಲಿ ಅರ್ಜಿ ಕೊಡಿ. ಬಾಯಿಮಾತಿಗೆ "ನೋಡೋಣ" ಅಂತಾರೆ. ಸೀಲ್ ಹಾಕಿಸಿಕೊಂಡ ಪ್ರತಿ ಕೈಯಲ್ಲಿದ್ದರೆ ಮಾತು ಬೇರೆ.

ಎರಡು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ. ಖಾತೆಗೆ ಆಧಾರ್ ನಂಬರ್ ಕೊಟ್ಟಿದ್ದೇನೆ ಅಂದರೆ ಸಾಲದು. ಸರ್ಕಾರದ ರೊಕ್ಕ ಯಾವ ಖಾತೆಗೆ ಬೀಳಬೇಕು ಅನ್ನುವುದು ಆಧಾರ್ ಸೀಡಿಂಗ್ ಮೇಲೆ ನಿಂತಿದೆ. ಹಳೆಯ ಸ್ಕಾಲರ್‌ಶಿಪ್ ಖಾತೆಗೆ ಸೀಡ್ ಆಗಿ, ಆ ಖಾತೆ ಬಂದ್ ಆಗಿರುವುದು ತುಂಬಾ ಸಲ ಕಂಡಿದ್ದೇನೆ. ಬ್ಯಾಂಕಿಗೆ ಹೋಗಿ "ಸೀಡಿಂಗ್ ಯಾವ ಖಾತೆಗಿದೆ" ಅಂತ ಅದೇ ಮಾತಿನಲ್ಲಿ ಕೇಳಿ.

ಮೂರು, ಸ್ವಯಂ ಘೋಷಣೆ. "ನನಗೆ ಇನ್ನೂ ಕೆಲಸ ಸಿಕ್ಕಿಲ್ಲ, ನಾನು ಓದಿಗೂ ಸೇರಿಲ್ಲ" ಅಂತ ರಾಜ್ಯದ ಆನ್‌ಲೈನ್ ಸೇವಾ ತಾಣ ಸೇವಾಸಿಂಧುವಿನಲ್ಲಿ ಆಗಾಗ ತಿಳಿಸುತ್ತಿರಬೇಕು. ಯೋಜನೆ ಶುರುವಾದಾಗ ಇದನ್ನು ಪ್ರತಿ ತಿಂಗಳು 25ರೊಳಗೆ ಮಾಡಬೇಕಿತ್ತು. ಈಗಿನ ಗಡುವು ನಿಮ್ಮ ಲಾಗಿನ್‌ನಲ್ಲೇ ನೋಡಿಕೊಳ್ಳಿ. ಒಂದು ಸಲ ಅರ್ಜಿ ಹಾಕಿ ಮರೆತವರ ರೊಕ್ಕ ನಿಲ್ಲುವುದು ಇಲ್ಲೇ. ಮೊಬೈಲ್‌ನಲ್ಲಿ ಅಲಾರ್ಮ್ ಇಟ್ಟುಕೊಳ್ಳಿ.

ಅರ್ಜಿ ಹಾಕಲು ಶುಲ್ಕ ಇಲ್ಲ. ಗ್ರಾಮ ಒನ್, ಕರ್ನಾಟಕ ಒನ್ ಕೇಂದ್ರಗಳಲ್ಲೂ ಹಾಕಬಹುದು.

ಯುವನಿಧಿ ತಗೊಂಡು ಪರೀಕ್ಷೆಗೆ ಓದಬಹುದಾ? ಸಣ್ಣ ಕೆಲಸ ಮಾಡಬಹುದಾ?

ಸ್ಪರ್ಧಾತ್ಮಕ ಪರೀಕ್ಷೆಗೆ ಓದಬಹುದು. ಅದು ಕಾಲೇಜಿಗೆ ಸೇರಿದಂತೆ ಅಲ್ಲ. ಆದರೆ ನೌಕರಿಗೆ ಸೇರಿದರೆ, ಅಪ್ರೆಂಟಿಸ್ ಆಗಿ ಸ್ಟೈಪೆಂಡ್ ತಗೊಂಡರೆ, ಸರ್ಕಾರದ ಯೋಜನೆಯಲ್ಲಿ ಸಾಲ ಮಾಡಿ ಸ್ವಂತ ಉದ್ಯೋಗ ಶುರು ಮಾಡಿದರೆ ಯುವನಿಧಿ ನಿಲ್ಲುತ್ತದೆ. ಮುಚ್ಚಿಟ್ಟು ತಗೊಂಡರೆ ಮುಂದೆ ವಾಪಸ್ ಕಟ್ಟಿಸಿಕೊಳ್ಳುತ್ತಾರೆ.

ಇಲ್ಲಿ ಒಂದು ಮಾತು. 3,000 ಹೋಗುತ್ತದೆ ಅಂತ 9,000ದ ಅಪ್ರೆಂಟಿಸ್ ಬಿಟ್ಟ ಹುಡುಗರನ್ನು ನಾನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಯುವನಿಧಿ ಎರಡು ವರ್ಷಕ್ಕೆ ಮುಗಿಯುತ್ತದೆ. ಕೈಗೆ ಹತ್ತಿದ ಕೆಲಸ ಮುಗಿಯುವುದಿಲ್ಲ.

ನಾನು ಐಟಿಐ ಮಾಡಿದ್ದೇನೆ. ನನಗೆ ಏನಿದೆ?

ನಿಮಗೆ ಅಪ್ರೆಂಟಿಸ್ ದಾರಿ ಇದೆ. ಡಿಗ್ರಿ ಮಾಡಿದವರಿಗಿಂತ ನಿಮ್ಮ ದಾರಿ ಚೊಕ್ಕ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

1961ರ ಅಪ್ರೆಂಟಿಸ್ ಕಾಯ್ದೆ ಪ್ರಕಾರ ದೊಡ್ಡ ಕಾರ್ಖಾನೆಗಳು ಒಂದಿಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. 2019ರಲ್ಲಿ ತಿದ್ದಿದ ನಿಯಮದಲ್ಲಿ ಐಟಿಐ ಮಾಡಿದವರಿಗೆ ತಿಂಗಳಿಗೆ ಕನಿಷ್ಠ 7,000, ಡಿಪ್ಲೊಮಾದವರಿಗೆ 8,000, ಡಿಗ್ರಿಯವರಿಗೆ 9,000 ಸ್ಟೈಪೆಂಡ್ ಅಂತ ಇತ್ತು. ಇದಕ್ಕಿಂತ ಜಾಸ್ತಿ ಕೊಡುವ ಕಂಪನಿಗಳೂ ಇವೆ. ಐಟಿಐಯವರು ಕೇಂದ್ರದ ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲಿ, ಡಿಗ್ರಿ, ಡಿಪ್ಲೊಮಾದವರು ನ್ಯಾಟ್ಸ್ ಪೋರ್ಟಲ್‌ನಲ್ಲಿ ಹೆಸರು ಹಚ್ಚಬೇಕು.

ನಮ್ಮ ಸೀಮೆಯವರಿಗೆ ಹತ್ತಿರದ ದೊಡ್ಡ ಬಾಗಿಲು ಅಂದರೆ ಹುಬ್ಬಳ್ಳಿ. ಅಲ್ಲಿ ನೈಋತ್ಯ ರೈಲ್ವೆಯ ಮುಖ್ಯ ಕಚೇರಿ ಇದೆ, ವರ್ಕ್‌ಶಾಪ್ ಇದೆ. ಅವರು ಅಪ್ರೆಂಟಿಸ್ ಕರೆದಾಗ ಲಿಖಿತ ಪರೀಕ್ಷೆ ಇರುವುದಿಲ್ಲ. ಎಸ್ಸೆಸ್ಸೆಲ್ಸಿ ಮತ್ತು ಐಟಿಐ ಅಂಕಗಳ ಮೇಲೆ ಪಟ್ಟಿ ಮಾಡುತ್ತಾರೆ. ರೈಲ್ವೆಯಲ್ಲಿ ಅಪ್ರೆಂಟಿಸ್ ಮುಗಿಸಿದವರಿಗೆ ಮುಂದೆ ಲೆವೆಲ್ 1, ಅಂದರೆ ಮೊದಲ ಹಂತದ ಹುದ್ದೆಗಳ ನೇಮಕದಲ್ಲಿ ಶೇ 20 ಸ್ಥಾನ ಮೀಸಲು. ಇದು ಗೊತ್ತಿಲ್ಲದೆ ಎಷ್ಟೋ ಫಿಟ್ಟರ್, ವೆಲ್ಡರ್ ಹುಡುಗರು ಸುಮ್ನೆ ಊರಲ್ಲಿ ಕೂತಿರುತ್ತಾರೆ.

ಇನ್ನು ಹತ್ತನೆಯ ತರಗತಿ ಮುಗಿಸಿದ ತಮ್ಮ, ತಂಗಿ ಮನೆಯಲ್ಲಿದ್ದರೆ ಜಿಟಿಟಿಸಿ ಅಂತ ಒಂದಿದೆ, ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ. ಬೆಳಗಾವಿಯಲ್ಲಿ ಅದರ ಕೇಂದ್ರ ಇದೆ. ಅಲ್ಲಿ ಟೂಲ್ ಅಂಡ್ ಡೈ, ಅಂದರೆ ಕಾರ್ಖಾನೆಯ ಅಚ್ಚು ಮತ್ತು ಉಪಕರಣ ಮಾಡುವುದು, ಕಲಿತವರಿಗೆ ಕಾರ್ಖಾನೆಯವರು ಕಾದಿರುತ್ತಾರೆ.

ಸರ್ಕಾರಿ ನೌಕರಿಗೆ ಎಷ್ಟು ವರ್ಷ ಓದುತ್ತಾ ಕೂರಬೇಕು?

ಇದನ್ನು ಕೇಳುವಾಗ ಹುಡುಗರ ಧ್ವನಿ ಸಣ್ಣದಾಗುತ್ತದೆ. ಹೊಲ ಮಾರಿ ಅಲ್ಲ, ಆದರೆ ಹೊಲದ ಮೇಲೆ ಸಾಲ ಮಾಡಿ ಓದಿಸುವ ಅಪ್ಪಂದಿರಿದ್ದಾರೆ. ವಿಜಯಪುರದಲ್ಲಿ, ಧಾರವಾಡದಲ್ಲಿ, ಬೆಳಿಗ್ಗೆ ಐದಕ್ಕೇ ವಾಚನಾಲಯದ ಮುಂದೆ ಬ್ಯಾಗ್ ಸಾಲು ಇಟ್ಟು ಜಾಗ ಹಿಡಿಯುವ ಮಕ್ಕಳನ್ನು ನೋಡಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಅವರು ಸೋಮಾರಿಗಳಲ್ಲ. ನಾನು ಕಂಡವರಲ್ಲಿ ಅವರಷ್ಟು ದುಡಿಯುವವರು ಕಡಿಮೆ.

ಆದರೆ ಕಾಲದ ಲೆಕ್ಕ ಹಾಕಲೇಬೇಕು. ಪಿಎಸ್‌ಐ ನೇಮಕವನ್ನೇ ನೋಡಿ. 545 ಹುದ್ದೆಗೆ 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ ಆಯಿತು. ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಪ್ರಾಮಾಣಿಕವಾಗಿ ಬರೆದವನಿಗೂ ಎರಡು ವರ್ಷದ ಮೇಲೆ ಹೋಯಿತು. ಆಮೇಲೆ ಒಳ ಮೀಸಲಾತಿ, ಅಂದರೆ ಪರಿಶಿಷ್ಟ ಜಾತಿಗಳ ಮೀಸಲನ್ನು ಅವರೊಳಗೇ ಗುಂಪುವಾರು ಹಂಚುವ ವಿಷಯ ಬಂತು. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟ್ ರಾಜ್ಯಗಳು ಹೀಗೆ ಹಂಚಬಹುದು ಅಂತ ತೀರ್ಪು ಕೊಟ್ಟಿತು. ಅದೇ ಅಕ್ಟೋಬರ್‌ನಲ್ಲಿ ರಾಜ್ಯ ಸಂಪುಟ, ಒಳ ಮೀಸಲಾತಿ ತೀರ್ಮಾನವಾಗುವ ತನಕ ಹೊಸ ಅಧಿಸೂಚನೆ ಬೇಡ ಅಂತ ನಿಲ್ಲಿಸಿತು. ನ್ಯಾಯಮೂರ್ತಿ ನಾಗಮೋಹನ್ ದಾಸ್ ಆಯೋಗದ ವರದಿ ಬಂದದ್ದು 2025ರ ಆಗಸ್ಟ್‌ನಲ್ಲಿ. ಒಳ ಮೀಸಲಾತಿ ಎಷ್ಟೋ ವರ್ಷದ ನ್ಯಾಯದ ಬೇಡಿಕೆ, ಅದು ಬೇಕಿತ್ತು. ಆದರೆ ಆ ಅವಧಿಯಲ್ಲಿ ಓದುವ ಮಕ್ಕಳ ವಯಸ್ಸು ಮಾತ್ರ ನಿಲ್ಲಲಿಲ್ಲ.

ರಾಜ್ಯದ ಹೆಚ್ಚಿನ ಹುದ್ದೆಗಳಿಗೆ ವಯೋಮಿತಿ ಸಾಮಾನ್ಯ ವರ್ಗಕ್ಕೆ 35, ಹಿಂದುಳಿದ 2ಎ, 2ಬಿ, 3ಎ, 3ಬಿಯವರಿಗೆ 38, ಪರಿಶಿಷ್ಟರಿಗೆ ಮತ್ತು ಪ್ರವರ್ಗ 1ಕ್ಕೆ 40. ಆಗಾಗ ಸಡಿಲಿಕೆ ಕೊಟ್ಟದ್ದೂ ಇದೆ. ಈ ಸಂಖ್ಯೆ ನೋಡಿ "ಇನ್ನೂ ಟೈಮ್ ಐತಿ" ಅನಿಸುತ್ತದೆ, ಅಲ್ವಾ? ಕಷ್ಟ ಇರುವುದು ಅಲ್ಲೇ. 35ಕ್ಕೆ ಪರೀಕ್ಷೆ ಬರೆಯಬಹುದು. ಆದರೆ ಕೈಯಲ್ಲಿ ಅನುಭವ ಇಲ್ಲದ 35ರವನನ್ನು ಖಾಸಗಿಯವರು ಹೊಸಬನಾಗಿ ತಗೊಳ್ಳುವುದು ಕಡಿಮೆ.

ನಾನು ಹುಡುಗರಿಗೆ ಹೇಳುವುದು ಇಷ್ಟು. ಎರಡು ವರ್ಷ ಪೂರ್ತಿ ಓದಿ, ಯುವನಿಧಿಯ ಅವಧಿಯೂ ಅಷ್ಟೇ. ಪ್ರಿಲಿಮ್ಸ್ ಮಟ್ಟದ ಪರೀಕ್ಷೆಗಳಲ್ಲಿ ಕಟ್ ಆಫ್ ಹತ್ತಿರಕ್ಕೂ ಬರದಿದ್ದರೆ, ಮೂರನೇ ವರ್ಷದಿಂದ ಕೆಲಸ ಮಾಡುತ್ತಾ ಓದಿ. ನನ್ನ ಜೊತೆ ರೂಮಿನಲ್ಲಿದ್ದ ಒಬ್ಬ ಗೆಳೆಯ ಸೋಲಾಪುರ ರಸ್ತೆಯ ಒಂದು ಗೋದಾಮಿನಲ್ಲಿ ಲೆಕ್ಕ ಬರೆಯುತ್ತಾ ಓದಿ, ಐದನೇ ಸಲಕ್ಕೆ ಪಾಸಾದ. ಅವನಿಗೆ ಸೋತಾಗ ಊಟದ ಚಿಂತೆ ಇರಲಿಲ್ಲ. ನನಗೆ ಇತ್ತು. ಚಿಂತೆ ಹೊತ್ತುಕೊಂಡು ಪರೀಕ್ಷೆ ಬರೆಯುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು.

ಪರಿಶಿಷ್ಟರಿಗೆ, ಹಿಂದುಳಿದವರಿಗೆ, ಅಲ್ಪಸಂಖ್ಯಾತರಿಗೆ ಆಯಾ ಇಲಾಖೆಗಳು ಉಚಿತ ಪರೀಕ್ಷಾ ಪೂರ್ವ ತರಬೇತಿ ಕೊಡುತ್ತವೆ. ಖಾಸಗಿ ಕೋಚಿಂಗ್‌ಗೆ ರೊಕ್ಕ ಕಟ್ಟುವ ಮೊದಲು ಆ ಪ್ರಕಟಣೆ ನೋಡಿ.

371ಜೆ ನಮಗೆ ಸಿಗುತ್ತದಾ?

ಇಲ್ಲ. ಈ ಗೊಂದಲ ಸಿಂದಗಿ, ಮುದ್ದೇಬಿಹಾಳದವರಿಗೆ ಜಾಸ್ತಿ, ಯಾಕೆಂದರೆ ಪಕ್ಕದ ಊರು ಕಲಬುರಗಿ, ಯಾದಗಿರಿ ಜಿಲ್ಲೆಯದು. ಸಂವಿಧಾನದ 371ಜೆ ವಿಧಿಯ ವಿಶೇಷ ಮೀಸಲು ಕಲ್ಯಾಣ ಕರ್ನಾಟಕದ (ಹಿಂದಿನ ಹೈದರಾಬಾದ್ ಕರ್ನಾಟಕ) ಜಿಲ್ಲೆಗಳಿಗೆ ಮಾತ್ರ: ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಬರುವುದು ಕಿತ್ತೂರು ಕರ್ನಾಟಕದಲ್ಲಿ. ಅರ್ಜಿಯಲ್ಲಿ "ಹೈದರಾಬಾದ್ ಕರ್ನಾಟಕ ಮೀಸಲು" ಅಂತ ಕಂಡರೆ ಟಿಕ್ ಹಾಕಬೇಡಿ, ದಾಖಲೆ ಪರಿಶೀಲನೆಯಲ್ಲಿ ಸಿಕ್ಕಿಬೀಳುತ್ತೀರಿ. ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಮೀಸಲು ನಿಮಗೆ ಅನ್ವಯಿಸುತ್ತದೆ. ಅದನ್ನು ಬಿಡಬೇಡಿ.

ನಮ್ಮ ಕಡೆಯೇ ಕೆಲಸ ಇಲ್ಲವಾ? ಗೋವಾ, ಪುಣೆಗೇ ಹೋಗಬೇಕಾ?

ಇದೆ. ಆದರೆ ಎಲ್ಲಾ ಊರಲ್ಲಿ ಒಂದೇ ಥರ ಇಲ್ಲ.

ಬೆಳಗಾವಿಯ ಉದ್ಯಮಬಾಗ, ಮಚ್ಛೆ ಕಡೆ ಫೌಂಡ್ರಿಗಳು, ಮಷಿನ್ ಶಾಪ್‌ಗಳು ಸಾಲಾಗಿವೆ. ಹುಕ್ಕೇರಿ ತಾಲ್ಲೂಕಿನ ಹತ್ತರಗಿಯಲ್ಲಿ ವಿಮಾನದ ಬಿಡಿಭಾಗ ಮಾಡುವ ವಿಶೇಷ ಆರ್ಥಿಕ ವಲಯ 2009ರಿಂದ ಇದೆ. ಅಲ್ಲಿ ತಯಾರಾದದ್ದು ಏರ್‌ಬಸ್, ಬೋಯಿಂಗ್‌ಗೆ ಹೋಗುತ್ತದೆ. ಸಿಎನ್‌ಸಿ ಮಷಿನ್ ನಡೆಸಲು, ಡ್ರಾಯಿಂಗ್ ಓದಲು, ಅಳತೆ ಹಿಡಿಯಲು ಬಂದವನಿಗೆ ಇಲ್ಲಿ ಕೆಲಸ ಹುಡುಕುವುದು ಅಷ್ಟು ಕಷ್ಟವಲ್ಲ. ಬರೀ ಬಿಎ, ಬಿಕಾಂ ಕಾಗದ ಹಿಡಿದು ಹೋದರೆ ಕಷ್ಟ. ಹಾಗಂತ ಬಿಎ ಮಾಡಿದ್ದು ತಪ್ಪಲ್ಲ. ಮೂರು ತಿಂಗಳ ಒಂದು ಕೈಕೆಲಸದ ಕೋರ್ಸ್ ಜೊತೆಗಿರಲಿ ಅಂತ ಹೇಳುತ್ತೇನೆ.

ಬಾಗಲಕೋಟೆಯಲ್ಲಿ ಸಕ್ಕರೆ ಕಾರ್ಖಾನೆ, ಸಿಮೆಂಟ್, ರಬಕವಿ ಬನಹಟ್ಟಿಯ ಪವರ್‌ಲೂಮ್. ಸಕ್ಕರೆ ಕಾರ್ಖಾನೆಯ ಕೆಲಸ ಬಹಳಷ್ಟು ಹಂಗಾಮಿನದು. ಕಬ್ಬು ನುರಿಸುವ ತಿಂಗಳು ಮುಗಿದರೆ ಮನೆಗೆ. ಇದನ್ನು ತಿಳಿದೇ ಸೇರಬೇಕು.

ವಿಜಯಪುರದಲ್ಲಿ ಕಾರ್ಖಾನೆ ಕಡಿಮೆ. ಕೂಡಗಿಯಲ್ಲಿ 2,400 ಮೆಗಾವ್ಯಾಟ್‌ನ ವಿದ್ಯುತ್ ಸ್ಥಾವರ ಇದೆ. ಆದರೆ ಅಂಥ ಸ್ಥಾವರ ಕಟ್ಟುವಾಗ ಬೇಕಾದಷ್ಟು ಜನ ಅದನ್ನು ನಡೆಸಲು ಬೇಕಾಗುವುದಿಲ್ಲ. ನಮ್ಮ ಬಲ ಇರುವುದು ದ್ರಾಕ್ಷಿ, ಒಣದ್ರಾಕ್ಷಿ, ಇಂಡಿಯ ನಿಂಬೆಯಲ್ಲಿ. ನೌಕರಿಗಿಂತ ಉದ್ಯೋಗ ಹೂಡುವವರಿಗೆ ಇಲ್ಲಿ ಜಾಗ ಜಾಸ್ತಿ.

ಗೋವಾ, ಪುಣೆಗೆ ಹೋಗುವುದರಲ್ಲಿ ನಾಚಿಕೆ ಇಲ್ಲ. ಹೋಗುವ ಮೊದಲು ಪಿಎಫ್ ಇದೆಯಾ, ಉಳಿಯಲು ಜಾಗ ಯಾರು ಕೊಡುತ್ತಾರೆ, ಕಂಪನಿ ನೇರ ತಗೊಳ್ಳುತ್ತದಾ ಗುತ್ತಿಗೆದಾರನ ಮೂಲಕವಾ, ಈ ಮೂರು ಕೇಳಿ.

ಖಾಸಗಿ ಕಂಪನಿಗಳಲ್ಲಿ ಕನ್ನಡಿಗರಿಗೆ ಮೀಸಲು ಇದೆಯಾ?

ಕಾನೂನಾಗಿ ಜಾರಿಯಲ್ಲಿ ಇಲ್ಲ. 2024ರ ಜುಲೈನಲ್ಲಿ ಒಂದು ಮಸೂದೆಗೆ ಸಂಪುಟ ಒಪ್ಪಿಗೆ ಕೊಟ್ಟು, ಎರಡೇ ದಿನದಲ್ಲಿ ತಡೆಹಿಡಿಯಿತು. ರಾಜ್ಯ ಸರ್ಕಾರ ನೇಮಿಸಿದ್ದ ಸರೋಜಿನಿ ಮಹಿಷಿ ಸಮಿತಿ 1980ರ ದಶಕದಲ್ಲೇ ಕನ್ನಡಿಗರಿಗೆ ಉದ್ಯೋಗದಲ್ಲಿ ಆದ್ಯತೆ ಬೇಕು ಅಂತ ಹೇಳಿತ್ತು. ಸರ್ಕಾರದಿಂದ ರಿಯಾಯಿತಿ ಪಡೆಯುವ ಕೈಗಾರಿಕೆಗಳಿಗೆ ಮಾತ್ರ ಕೈಗಾರಿಕಾ ನೀತಿಯಲ್ಲಿ ಷರತ್ತು ಇದೆ.

ಮೊದಲ ನೌಕರಿಗೆ ಸೇರಿದರೆ ಕೇಂದ್ರ ಸರ್ಕಾರ ರೊಕ್ಕ ಕೊಡುತ್ತದಂತೆ, ನಿಜವಾ?

ನಿಜ. ಪ್ರಧಾನಮಂತ್ರಿ ವಿಕಸಿತ ಭಾರತ ರೋಜಗಾರ್ ಯೋಜನೆ ಅಂತ ಅದರ ಹೆಸರು. 2025ರ ಆಗಸ್ಟ್ 1ರಿಂದ 2027ರ ಜುಲೈ 31ರ ನಡುವೆ ಹುಟ್ಟುವ ಕೆಲಸಗಳಿಗೆ. ಜೀವನದಲ್ಲಿ ಮೊದಲ ಸಲ ಪಿಎಫ್ ಖಾತೆ ಆಗುವವರಿಗೆ, ಸಂಬಳ 1 ಲಕ್ಷದ ಒಳಗಿದ್ದರೆ, ಒಂದು ತಿಂಗಳ ಪಿಎಫ್ ವೇತನದಷ್ಟು, ಹೆಚ್ಚೆಂದರೆ 15,000 ರೂಪಾಯಿ. ಎರಡು ಕಂತು. ಆರು ತಿಂಗಳು ಕೆಲಸ ಮಾಡಿದ ಮೇಲೆ ಒಂದು, ಹನ್ನೆರಡು ತಿಂಗಳ ಮೇಲೆ ಇನ್ನೊಂದು. ಪಿಎಫ್ ಕಟ್ಟದ ಕಡೆ ಸೇರಿದರೆ ಇದು ಸಿಗುವುದಿಲ್ಲ. ಅದಕ್ಕೇ ಪಿಎಫ್ ಕೇಳಿ ಅಂದದ್ದು.

ಸ್ವಂತ ಉದ್ಯೋಗ ಮಾಡಬೇಕು. ಸಬ್ಸಿಡಿ ಎಲ್ಲಿ ಸಿಗುತ್ತದೆ?

"ಸಬ್ಸಿಡಿ ಎಷ್ಟು" ಅಂತ ಮೊದಲು ಕೇಳುವವರಿಗೆ ನಾನು "ಏನು ಮಾಡುತ್ತೀ, ಯಾರಿಗೆ ಮಾರುತ್ತೀ" ಅಂತ ತಿರುಗಿ ಕೇಳುತ್ತೇನೆ. ಅದಕ್ಕೆ ಉತ್ತರ ಇದ್ದವರಿಗೆ ದಾರಿ ಹಲವು.

ಮೊದಲು ತರಬೇತಿ. ಪ್ರತಿ ಜಿಲ್ಲೆಯಲ್ಲೂ ಬ್ಯಾಂಕುಗಳು ನಡೆಸುವ ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆ ಇದೆ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟಿಯೇ ಇದಕ್ಕೆಲ್ಲ ಮಾದರಿ. ಊಟ, ವಸತಿ, ಕಲಿಕೆ ಎಲ್ಲಾ ಉಚಿತ. ಮೊಬೈಲ್ ರಿಪೇರಿ, ಹೈನುಗಾರಿಕೆ, ಹೊಲಿಗೆ, ಸಿಸಿ ಕ್ಯಾಮೆರಾ ಜೋಡಣೆ, ಹೀಗೆ. ಮುಗಿದ ಮೇಲೂ ಎರಡು ವರ್ಷ ಬೆನ್ನಿಗಿದ್ದು ವಿಚಾರಿಸುತ್ತಾರೆ. ಈ ಪ್ರಮಾಣಪತ್ರ ಇದ್ದರೆ ಬ್ಯಾಂಕ್ ಮ್ಯಾನೇಜರ್ ಮುಂದೆ ಮಾತಾಡುವುದು ಸುಲಭ.

ಆಮೇಲೆ ಸಾಲ. ಪಿಎಂಇಜಿಪಿ ಅನ್ನುವ ಕೇಂದ್ರದ ಸ್ವಂತ ಉದ್ಯೋಗ ಯೋಜನೆಯಲ್ಲಿ ತಯಾರಿಕೆಗೆ 50 ಲಕ್ಷ, ಸೇವೆಗೆ 20 ಲಕ್ಷದವರೆಗಿನ ಯೋಜನೆ ಹಾಕಬಹುದು. ಹಳ್ಳಿಯಲ್ಲಿ ಸಾಮಾನ್ಯ ವರ್ಗಕ್ಕೆ ಶೇ 25, ಪರಿಶಿಷ್ಟರು, ಹಿಂದುಳಿದವರು, ಅಲ್ಪಸಂಖ್ಯಾತರು, ಮಹಿಳೆಯರು ಇವರಿಗೆ ಶೇ 35 ಸಹಾಯಧನ. ಆ ರೊಕ್ಕ ಕೈಗೆ ಬರುವುದಿಲ್ಲ, ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿ ಇದ್ದು ಸಾಲಕ್ಕೆ ಜಮಾ ಆಗುತ್ತದೆ. ಇದು ಗೊತ್ತಿಲ್ಲದೆ ಸಬ್ಸಿಡಿ ರೊಕ್ಕದಲ್ಲಿ ಬೈಕ್ ತಗೊಳ್ಳುವ ಲೆಕ್ಕ ಹಾಕಿದವರಿದ್ದಾರೆ. ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸಿ.

ತಿನ್ನುವ ವಸ್ತು ಮಾಡುವವರು ಸಣ್ಣ ಆಹಾರ ಉದ್ಯಮಗಳಿಗಾಗಿ ಇರುವ ಪಿಎಂಎಫ್‌ಎಂಇ ಯೋಜನೆ ಕೇಳಿ. ಕೇಂದ್ರದ ಶೇ 35ಕ್ಕೆ ನಮ್ಮ ರಾಜ್ಯ ಶೇ 15 ಸೇರಿಸಿ ಅರ್ಧಕ್ಕರ್ಧ ಮಾಡಿದೆ, ಮಿತಿ 15 ಲಕ್ಷ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ನಿಂಬೆ ಉಪ್ಪಿನಕಾಯಿ ನಮ್ಮ ಮನೆಗಳಲ್ಲಿ ಮೊದಲಿಂದಲೂ ಮಾಡುವವೇ. ರೊಟ್ಟಿ ಮಷಿನ್ ಹಾಕಿ ಸುತ್ತಲ ಖಾನಾವಳಿಗಳಿಗೆ ಕೊಡುವ ಹೆಣ್ಣುಮಕ್ಕಳು ಇವತ್ತು ಇಬ್ಬರು ಮೂವರಿಗೆ ಕೆಲಸ ಕೊಟ್ಟಿದ್ದಾರೆ.

ಸಣ್ಣ ಬಂಡವಾಳ ಸಾಕು ಅನ್ನುವವರಿಗೆ ಮುದ್ರಾ ಇದೆ. ಶಿಶು ಅಂದರೆ 50,000ದವರೆಗೆ, ಕಿಶೋರ್ 5 ಲಕ್ಷದವರೆಗೆ.

ಹುಡುಗಿಯರಿಗೆ ಬೇರೆ ಏನಾದರೂ ಇದೆಯಾ?

ಮಹಿಳಾ ಅಭಿವೃದ್ಧಿ ನಿಗಮದ ಉದ್ಯೋಗಿನಿ ಯೋಜನೆಯಲ್ಲಿ 3 ಲಕ್ಷದವರೆಗಿನ ಸಾಲಕ್ಕೆ ಸಹಾಯಧನ ಇದೆ, ಪರಿಶಿಷ್ಟರಿಗೆ ಅರ್ಧದಷ್ಟು. ಶಕ್ತಿ ಯೋಜನೆಯ ಉಚಿತ ಬಸ್ಸನ್ನೂ ನಾನು ಉದ್ಯೋಗದ ನೆರವು ಅಂತಲೇ ಎಣಿಸುತ್ತೇನೆ. ಮೊದಲು "ದಿನಾ ಬಸ್ ಚಾರ್ಜ್ ಯಾರು ಕೊಡಬೇಕು" ಅಂತ ನಿಲ್ಲುತ್ತಿದ್ದ ತರಬೇತಿಗೆ ಈಗ ತಾಳಿಕೋಟೆ, ಬಸವನಬಾಗೇವಾಡಿಯಿಂದ ಹುಡುಗಿಯರು ಬರುತ್ತಾರೆ. ಅಪ್ಪಂದಿರಲ್ಲಿ ನನ್ನ ಬೇಡಿಕೆ ಒಂದೇ. ಮಗನಿಗೆ ಕೊಟ್ಟ ಎರಡು ವರ್ಷವನ್ನು ಮಗಳಿಗೂ ಕೊಡಿ.

ರೊಕ್ಕ ಕೊಟ್ಟರೆ ಕೆಲಸ ಕೊಡಿಸುತ್ತೇನೆ ಅಂತಾರೆ. ಕೊಡಲಾ?

ಬೇಡ. ನಾನೇ ಕೊಟ್ಟು ಕಳಕೊಂಡವನು. ಒಂದು ಏಜೆನ್ಸಿಯವರು ಗೋವಾದಲ್ಲಿ ಸೂಪರ್‌ವೈಸರ್ ಕೆಲಸ ಅಂತ 12,000 ಕಟ್ಟಿಸಿಕೊಂಡರು. ಅವ್ವ ಕಿವಿಯೋಲೆ ಅಡವಿಟ್ಟು ಕೊಟ್ಟದ್ದು. ಹೋಗಿ ನೋಡಿದರೆ ಅಲ್ಲಿ ಅಂಥ ಕೆಲಸವೇ ಇರಲಿಲ್ಲ. ನಾಚಿಕೆಯಿಂದ ಮೂರು ತಿಂಗಳು ಊರಿಗೆ ಹೋಗಲಿಲ್ಲ, ಯಾರಿಗೂ ಹೇಳಲಿಲ್ಲ. ಆ ಸುಮ್ಮನಿದ್ದದ್ದೇ ನನ್ನ ದೊಡ್ಡ ತಪ್ಪು. ಹೇಳಿದ್ದರೆ ನನ್ನ ಹಿಂದೆ ಬಂದ ಇನ್ನಿಬ್ಬರು ಉಳಿಯುತ್ತಿದ್ದರು.

ಉದ್ಯೋಗ ವಿನಿಮಯ ಕಚೇರಿ, ಸ್ಕಿಲ್ ಕನೆಕ್ಟ್, ರಾಷ್ಟ್ರೀಯ ವೃತ್ತಿ ಸೇವೆಯ ಪೋರ್ಟಲ್, ಯಾವುದರಲ್ಲೂ ನೋಂದಣಿಗೆ ಶುಲ್ಕ ಇಲ್ಲ. ವಿದೇಶಕ್ಕೆ ಕಳಿಸುವ ಏಜೆಂಟರಿಗೆ ಕೇಂದ್ರದ ಪರವಾನಗಿ ಇರಬೇಕು, ಇ ಮೈಗ್ರೇಟ್ ಪೋರ್ಟಲ್‌ನಲ್ಲಿ ಹೆಸರು ನೋಡಬಹುದು. ಆನ್‌ಲೈನ್‌ನಲ್ಲಿ ಮೋಸ ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ಮೊದಲ ಕೆಲವು ತಾಸಿನಲ್ಲಿ ಹೇಳಿದರೆ ರೊಕ್ಕ ತಡೆಹಿಡಿಯುವ ಸಾಧ್ಯತೆ ಜಾಸ್ತಿ.

ಉದ್ಯೋಗ ಮೇಳಕ್ಕೆ ಹೋದರೆ ಪ್ರಯೋಜನ ಇದೆಯಾ?

ಹೋಗಿ. ಅಲ್ಲಿ "ಆಯ್ಕೆ" ಅಂದದ್ದೆಲ್ಲ ಕೆಲಸವಲ್ಲ, ಆರ್ಡರ್ ಕೈಗೆ ಬಂದಾಗ ಕೆಲಸ. ಆದರೆ ಹತ್ತು ಜನರ ಮುಂದೆ ಕೂತು ಮಾತಾಡಿದ ಅಭ್ಯಾಸ ಬೇರೆಲ್ಲೂ ಪುಕ್ಕಟೆ ಸಿಗುವುದಿಲ್ಲ.

ನಿರುದ್ಯೋಗ ಕಡಿಮೆ ಇದೆ ಅಂತ ಪೇಪರ್‌ನಲ್ಲಿ ಬರುತ್ತದೆ. ನಮಗೆ ಯಾಕೆ ಹಾಗೆ ಕಾಣುವುದಿಲ್ಲ?

ಯಾಕೆಂದರೆ ಎಣಿಸುವ ರೀತಿ ಬೇರೆ. ಕೇಂದ್ರದ ಕಾರ್ಮಿಕ ಸಮೀಕ್ಷೆ ಪ್ರಕಾರ 2023-24ರಲ್ಲಿ ದೇಶದ ನಿರುದ್ಯೋಗ ಶೇ 3.2. ಆದರೆ 15ರಿಂದ 29ರ ವಯಸ್ಸಿನವರಲ್ಲಿ ಅದು ಶೇ 10.2. ಮನೆಯ ಹೊಲದಲ್ಲಿ ಸಂಬಳವಿಲ್ಲದೆ ದುಡಿಯುವವನೂ ಅಲ್ಲಿ ಉದ್ಯೋಗಿಯೇ. ಬೇಸತ್ತು ಕೆಲಸ ಹುಡುಕುವುದನ್ನೇ ಬಿಟ್ಟವಳು ನಿರುದ್ಯೋಗಿ ಪಟ್ಟಿಗೇ ಬರುವುದಿಲ್ಲ. ಬಿಎಸ್ಸಿ ಮುಗಿಸಿ ಅಪ್ಪನ ಜೊತೆ ತೊಗರಿ ಕೊಯ್ಯುವ ನಿಮ್ಮನ್ನು ಆ ಲೆಕ್ಕ ಕೆಲಸ ಇರುವವರ ಸಾಲಿಗೆ ಹಾಕುತ್ತದೆ. ನಿಮಗೆ ಅನಿಸಿದ್ದು ಸುಳ್ಳಲ್ಲ.

ನಾಳೆ ಬೆಳಿಗ್ಗೆ ಮೊದಲು ಏನು ಮಾಡಲಿ?

ಆಧಾರ್ ಮತ್ತು ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಪಕ್ಕಪಕ್ಕ ಇಟ್ಟು ನೋಡಿ. ಹೆಸರು, ಇನಿಶಿಯಲ್, ಹುಟ್ಟಿದ ದಿನ ಒಂದೇ ಇದೆಯಾ? ನಮ್ಮ ಕಡೆ ಅಡ್ಡಹೆಸರು ಒಂದರಲ್ಲಿ ಇರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ. ಬಹಳ ಅರ್ಜಿ ನಿಲ್ಲುವುದು ಇದಕ್ಕೇ. ತಪ್ಪಿದ್ದರೆ ಆಧಾರ್ ತಿದ್ದಿಸಿ, ಅಂಕಪಟ್ಟಿ ತಿದ್ದಿಸುವುದು ದೂರದ ಕೆಲಸ. ನಾಡಕಚೇರಿಯಲ್ಲಿ ಜಾತಿ, ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದೆಯಾ ನೋಡಿ. ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಪ್ರಮಾಣಪತ್ರಕ್ಕೆ ನೀವು ಓದಿದ ಶಾಲೆಯ ಮುಖ್ಯ ಶಿಕ್ಷಕರ ಸಹಿ ಬೇಕು, ಅಧಿಸೂಚನೆ ಬಂದ ಮೇಲೆ ಓಡಬೇಡಿ, ಈಗಲೇ ಮಾಡಿಸಿಡಿ. ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಫೈಲಿಗೆ ಹಾಕಿ. ಭಾನುವಾರ ಅದನ್ನು ಹಿಡಕೊಂಡು ಬನ್ನಿ, ಒಂಬತ್ತರಿಂದ ನಾನು ವಾಚನಾಲಯದಲ್ಲೇ ಇರುತ್ತೇನೆ.